ಮೀನಿಲ್ಲದ ಮೈದಾನದಲ್ಲಿ ಗಾಳದ ಸ್ಪರ್ಧೆ

ಪ್ರಶ್ನೆ: ಚಿಂಚವಡ, ನಿಗಡಿ ಸುತ್ತಮುತ್ತಲಿನ ಕನ್ನಡಿಗರು ನಾವು ಒಂಬತ್ತು ಮಂದಿ, ಎರಡು ವರ್ಷಗಳಿಂದ ಫ್ಲೈ ಫಿಶಿಂಗ್ ಕಲಿಯುತ್ತಿದ್ದೇವೆ. ಸ್ವಂತ ರಾಡ್ (ಗಾಳದ ಕೋಲು) ಇರುವುದು ನಾಲ್ವರ ಬಳಿ ಮಾತ್ರ. ವರ್ಷಕ್ಕೊಮ್ಮೆ ರಜೆ ಹಾಕಿ ಹಿಮಾಚಲಕ್ಕೆ ಹೋಗಿ ಬರುವುದನ್ನು ಬಿಟ್ಟರೆ ಸಾಮಾನೆಲ್ಲ ಕಪಾಟಿನಲ್ಲಿಯೇ ಇರುತ್ತದೆ. ಈ ಚಳಿಗಾಲದಲ್ಲಿ ಪುಣೆಯಲ್ಲಿಯೇ ಒಂದು ಕಾಸ್ಟಿಂಗ್ ಸ್ಪರ್ಧೆ, ಅಂದರೆ ಗಾಳ ಬೀಸುವ ಸ್ಪರ್ಧೆ, ನಡೆಸೋಣ ಎಂದುಕೊಂಡಿದ್ದೇವೆ. ಹೆಚ್ಚು ಹಣವಿಲ್ಲ. ನದಿ ಬೇಕೇ? ಪರವಾನಗಿ ಬೇಕೇ? ಅಂಕ ಕೊಡುವುದು ಹೇಗೆ? ದೂರ ಎಸೆದವರು ಗೆದ್ದರು ಎಂದರೆ ಸಾಕು ಎಂದು ಕೆಲವರು ಹೇಳುತ್ತಾರೆ. ನಾನೂ ಭಾಗವಹಿಸಬೇಕೆಂದಿದ್ದೇನೆ, ಯಾವ ಅಭ್ಯಾಸ ಮಾಡಲಿ?
(ಓದುಗರು, ಚಿಂಚವಡ, ಪುಣೆ)

ಉತ್ತರ: ನದಿ ಬೇಡ, ಕೆರೆಯೂ ಬೇಡ. ಕೊಕ್ಕೆ ಕಟ್ಟದೆ, ಮೀನು ಹಿಡಿಯದೆ ಹುಲ್ಲಿನ ಮೇಲೆ ನಡೆಸುವ ಸ್ಪರ್ಧೆಗೆ ಮೀನುಗಾರಿಕೆಯ ಪರವಾನಗಿಯ ಪ್ರಶ್ನೆ ಏಳುವುದಿಲ್ಲ; ಮೈದಾನ ಯಾರದೋ ಅವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೊಳ್ಳಿ. ಇಪ್ಪತ್ತನಾಲ್ಕು ಮಂದಿಯ ಸ್ಪರ್ಧೆಯನ್ನು ತಲಾ 200 ರೂಪಾಯಿ ಶುಲ್ಕದಲ್ಲಿ, ಉಪ್ಪಿಟ್ಟು ಚಹಾ ಸಮೇತ, ಯಾರ ಮುಂದೆಯೂ ಕೈಯೊಡ್ಡದೆ ಮುಗಿಸಬಹುದು. ದೂರವೊಂದೇ ಸಾಕು ಎನ್ನುವ ನಿಮ್ಮ ಗೆಳೆಯರ ಮಾತಿಗೆ ನನ್ನ ವಿರೋಧವಿದೆ, ಅದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಒಂದು ಷರತ್ತು. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬೇಡಿ: ಬಂದವರೆಲ್ಲರೂ ಸಂಘಟಕರು ಕೊಟ್ಟ ರಾಡಿನಲ್ಲಿ, ಸಂಘಟಕರು ಕೊಟ್ಟ ಲೈನಿನಲ್ಲಿಯೇ (ಗಾಳದ ದಾರದಲ್ಲಿಯೇ) ಬೀಸಬೇಕು.

ಕಾಸ್ಟಿಂಗ್‌ಗೆ ನಾನು ಬೀಸು ಎನ್ನುತ್ತೇನೆ. ಬೀಸುಬಲೆ ಎಂಬ ಮಾತು ನಮ್ಮ ನದಿ ದಂಡೆಗಳಲ್ಲಿ ಇದ್ದೇ ಇದೆ. ಫ್ಲೈ ಗಾಳವನ್ನು ನೋಡದ ಓದುಗರಿಗಾಗಿ ಎರಡು ಮಾತು. ಎರೆಹುಳು ಚುಚ್ಚುವ ಗಾಳದಲ್ಲಿ ಸೀಸದ ಗುಂಡು ಮುಂದೆ ಹಾರುತ್ತದೆ, ದಾರ ಅದರ ಹಿಂದೆ ಓಡುತ್ತದೆ. ಫ್ಲೈ ಎಂದರೆ ಗರಿ, ನೂಲು ಸುತ್ತಿ ಮಾಡಿದ ಹುಳುವಿನ ಆಕಾರ; ಅದಕ್ಕೆ ಹೇಳಿಕೊಳ್ಳುವಂಥ ತೂಕವೇ ಇಲ್ಲ. ತೂಕವಿರುವುದು ಲೈನಿನಲ್ಲಿ. ಹಾಗಾಗಿ ಇಲ್ಲಿ ಹಾರಬೇಕಾದದ್ದು ಲೈನು, ಫ್ಲೈ ಅದರ ಬಾಲ ಹಿಡಿದು ಹೋಗುತ್ತದೆ. ಗಾಡಿ ಹೊಡೆಯುವವರ ಬಾರುಕೋಲನ್ನು ನೆನಪಿಸಿಕೊಳ್ಳಿ, ಇಲ್ಲವೇ ಪುಣೆಯ ಬೀದಿಗಳಲ್ಲಿ ಪೋತರಾಜ ಬೀಸುವ ಚಾಟಿಯನ್ನು. ವ್ಯತ್ಯಾಸ ಒಂದೇ. ಅವರ ಚಾಟಿ ಚಟ್ ಎಂದರೆ ಕೆಲಸ ಸರಿಯಾಯಿತು ಎಂದರ್ಥ. ನಿಮ್ಮ ಲೈನು ಬೆನ್ನ ಹಿಂದೆ ಚಟ್ ಎಂದರೆ ಅದು ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ನೀವು ಮುಂದಕ್ಕೆ ಎಳೆದಿರಿ ಎಂದರ್ಥ.

ಮೀನಿಲ್ಲದೆ ಬೀಸುವುದು ಹಣವಿಲ್ಲದವರ ಉಪಾಯ ಎಂದು ಸಂಕೋಚಪಡಬೇಡಿ. ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಉದ್ಯಾನದಲ್ಲಿ ಕೇವಲ ಬೀಸುವ ಅಭ್ಯಾಸಕ್ಕೆಂದೇ 1930ರ ದಶಕದಲ್ಲಿ ಕಟ್ಟಿದ ಕಾಂಕ್ರೀಟಿನ ಕೊಳಗಳಿವೆ. ಸಾರ್ವಜನಿಕರು ಇಂದಿಗೂ ಅಲ್ಲಿ ಹೋಗಿ ಪುಕ್ಕಟೆಯಾಗಿ ಬೀಸಬಹುದು. ಅಂತರರಾಷ್ಟ್ರೀಯ ಕಾಸ್ಟಿಂಗ್ ಕ್ರೀಡಾ ಒಕ್ಕೂಟ 1955ರಿಂದ ಇದೆ. ಅದರ ಸ್ಪರ್ಧೆಗಳು ನಡೆಯುವುದು ಹೆಚ್ಚಾಗಿ ಹುಲ್ಲಿನ ಮೈದಾನದಲ್ಲಿಯೇ.

ಈಗ ಷರತ್ತಿನ ಕಥೆ. ಕೆಲವು ವರ್ಷಗಳ ಹಿಂದೆ ನಾವು ಮೊದಲ ಸಲ ಸ್ಪರ್ಧೆ ನಡೆಸಿದಾಗ "ಅವರವರ ಸಾಮಾನು ಅವರವರೇ ತನ್ನಿ" ಎಂದು ಕರೆದಿದ್ದೆವು. ಹದಿನಾಲ್ಕು ಮಂದಿ ಬಂದರು. ಗೆದ್ದವರ ಕೈಯಲ್ಲಿದ್ದ ರಾಡಿನ ಬೆಲೆ ನನ್ನ ಮೊದಲ ಸ್ಕೂಟರಿಗಿಂತ ಹೆಚ್ಚು. ಬಹುಮಾನ ಕೊಡುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬರು "ರಾಡಿಗೆ ಹಾರ ಹಾಕಿ" ಎಂದರು. ಎಲ್ಲರೂ ನಕ್ಕರು, ಗೆದ್ದವರೊಬ್ಬರನ್ನು ಬಿಟ್ಟು. ಮರುವರ್ಷ ನಮ್ಮದೇ ಎರಡು ರಾಡುಗಳನ್ನು ಇಟ್ಟು ನಡೆಸಿದೆವು. ಅವರೇ ಗೆದ್ದರು. ಈ ಸಲ ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹಂಚಿಕೊಂಡ ರಾಡಿನಿಂದ ಬಡವರಿಗೆ ಅನುಕೂಲ ಎಂದುಕೊಂಡು ಆ ನಿಯಮ ತಂದಿದ್ದೆ. ನಿಜವಾದ ನ್ಯಾಯ ಸಿಕ್ಕಿದ್ದು ದುಬಾರಿ ರಾಡಿನವರಿಗೆ.

ನಿಮ್ಮಲ್ಲಿ ನಾಲ್ಕು ರಾಡುಗಳಿವೆ ಎಂದಿರಿ. ಅವುಗಳಲ್ಲಿ ಒಂದೇ ನಂಬರಿನ ಎರಡನ್ನು ಆರಿಸಿಕೊಳ್ಳಿ. ಒಂಬತ್ತು ಅಡಿಯ, 5 ಅಥವಾ 6ನೇ ನಂಬರಿನ ರಾಡ್ ಸಾಕು. ಪುಣೆಯ ಗಾಳಿಗೆ ನಾನು 6ನ್ನೇ ಒಪ್ಪುತ್ತೇನೆ. ಈ ನಂಬರು ರಾಡಿನ ಬಲದ ಅಂದಾಜಲ್ಲ, ಲೈನಿನ ತೂಕದ ಲೆಕ್ಕ: ಲೈನಿನ ಮುಂದಿನ 30 ಅಡಿ ತೂಗಿದರೆ 5ನೇ ನಂಬರಿನದು 140 ಗ್ರೇನ್, ಅಂದರೆ ಸುಮಾರು 9 ಗ್ರಾಂ, 6ನೆಯದು 160 ಗ್ರೇನ್, ಹತ್ತು ಗ್ರಾಮಿಗಿಂತ ತುಸು ಹೆಚ್ಚು. ರಾಡಿನ ಮೇಲೆ 6 ಎಂದಿದ್ದರೆ ಲೈನಿನ ಡಬ್ಬಿಯ ಮೇಲೂ 6 ಎಂದಿರಲಿ. ಎರಡು ರಾಡುಗಳು ಬೇರೆ ಬೇರೆ ಕಂಪನಿಯವಾದರೂ ಚಿಂತೆಯಿಲ್ಲ. ಮೈದಾನದಲ್ಲಿ ಎರಡು ಸಾಲು ಮಾಡಿ, ಒಂದೊಂದಕ್ಕೆ ಒಂದೊಂದು ರಾಡ್ ಕಾಯಂ ಮಾಡಿ. ಪ್ರತಿಯೊಬ್ಬರೂ ಮೊದಲ ಸುತ್ತನ್ನು ಒಂದು ಸಾಲಿನಲ್ಲಿ, ಎರಡನೆಯ ಸುತ್ತನ್ನು ಇನ್ನೊಂದರಲ್ಲಿ ಬೀಸಲಿ. ರಾಡಿನ ಗುಣದೋಷ ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ.

ಹಣ ಹಾಕುವುದಾದರೆ ಲೈನಿಗೆ ಹಾಕಿ. ರೀಲಿಗೆ ಒಂದು ರೂಪಾಯಿಯೂ ಬೇಡ. ಈ ಆಟದಲ್ಲಿ ರೀಲು ದಾರದ ಉಂಡೆ ಇದ್ದ ಹಾಗೆ, ಸುಮ್ಮನೆ ತೂಗಾಡುತ್ತಿರುತ್ತದೆ. ಸಾಧಾರಣ ರಾಡಿಗೆ ಒಳ್ಳೆಯ ಲೈನ್ ಕಟ್ಟಿದರೆ ಅದು ದಾರಿಗೆ ಬರುತ್ತದೆ. ಒಳ್ಳೆಯ ರಾಡಿಗೆ ಬಿರುಕುಬಿಟ್ಟ ಲೈನ್ ಕಟ್ಟಿದರೆ ದೇವರೂ ಕಾಪಾಡಲಾರ. ಲೈನಿನ ತುದಿಗೆ ಕಟ್ಟುವ ಲೀಡರನ್ನು ಅಂಗಡಿಯಿಂದ ತರಬೇಡಿ. ಸಾಮಾನ್ಯ ನೈಲಾನ್ ಗಾಳದ ದಾರ ಮೂರು ದಪ್ಪದ್ದು ತನ್ನಿ: 0.45, 0.35, 0.25 ಮಿಲಿಮೀಟರ್. ದಪ್ಪನೆಯದು 160 ಸೆಂಟಿಮೀಟರ್, ಉಳಿದೆರಡು 55, 55. ಸರ್ಜನ್ ಗಂಟು ಹಾಕಿ ಜೋಡಿಸಿದರೆ ಒಂಬತ್ತು ಅಡಿಯ ಲೀಡರ್ ಸಿದ್ಧ. ಆರೇಳು ಲೀಡರುಗಳನ್ನು ಹಿಂದಿನ ದಿನವೇ ಕಟ್ಟಿಟ್ಟುಕೊಳ್ಳಿ, ಸ್ಪರ್ಧೆಯ ನಡುವೆ ಗಂಟು ಹಾಕುತ್ತ ಕೂರುವುದು ಸಾಲು ನಿಂತವರಿಗೆ ಶಿಕ್ಷೆ. ಫ್ಲೈಗೆ ಬದಲು ಉಣ್ಣೆ. ತುಳಸಿಬಾಗಿನಲ್ಲಿ ಕಣ್ಣು ಕುಕ್ಕುವ ಕಿತ್ತಳೆಯೋ ಹಸಿರೋ ಬಣ್ಣದ ಒಂದು ಉಂಡೆ ಕೊಂಡರೆ ಹತ್ತು ವರ್ಷಕ್ಕಾಗುತ್ತದೆ. ಎರಡೂವರೆ ಸೆಂಟಿಮೀಟರ್ ತುಂಡನ್ನು ಲೀಡರಿನ ತುದಿಗೆ ಬಿಗಿದು, ಹಳೆಯ ಬ್ರಷ್ಷಿನಿಂದ ಎಳೆ ಬಿಡಿಸಿ, ಗೋಲಿಯ ಗಾತ್ರಕ್ಕೆ ಕತ್ತರಿಸಿ. ಕೊಕ್ಕೆ ಮುರಿದ ಫ್ಲೈ ಕಟ್ಟೋಣ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಉಣ್ಣೆ ಕಣ್ಣಿಗೆ ಹೊಡೆದರೂ ಕಣ್ಣು ಉಳಿಯುತ್ತದೆ. ಆದರೂ ಟೋಪಿ ಮತ್ತು ಯಾವುದಾದರೊಂದು ಕನ್ನಡಕ ಎಲ್ಲರಿಗೂ ಕಡ್ಡಾಯ.

ಮೈದಾನ. ಮುಂದೆ ಮೂವತ್ತೈದು ಮೀಟರ್ ಎಲ್ಲರೂ ಅಳೆಯುತ್ತಾರೆ. ಬೀಸುವವರ ಹಿಂದೆಯೂ ಅಷ್ಟೇ ಖಾಲಿ ಜಾಗ ಬೇಕೆಂಬುದು ಮೊದಲ ಹಿಂಬೀಸು ಬೇಲಿಗೆ ಸಿಕ್ಕಿಕೊಂಡಾಗಲೇ ಹೊಳೆಯುವುದು. ಫುಟ್‌ಬಾಲ್ ಮೈದಾನದ ಉದ್ದ ಸಿಕ್ಕರೆ ನಿಶ್ಚಿಂತೆ. ಶಾಲೆಗಳನ್ನು ನಡೆಸುವ ನಮ್ಮ ಪುಣೆಯ ಕನ್ನಡ ಸಂಘದಂಥ ಸಂಸ್ಥೆಗಳನ್ನು ಕೇಳಿ ನೋಡಿ, ಇಲ್ಲವೇ ನಿಮ್ಮಲ್ಲಿ ಒಬ್ಬರಾದರೂ ದೊಡ್ಡ ಹೌಸಿಂಗ್ ಸೊಸೈಟಿಯಲ್ಲಿ ಇದ್ದೇ ಇರುತ್ತೀರಿ. ಹುಲ್ಲು ಇಲ್ಲದಿದ್ದರೆ ತೊಂದರೆ. ಇಲ್ಲಿನವರು ಮುರುಮ್ ಎನ್ನುವ, ನಮ್ಮ ಧಾರವಾಡದ ಕಡೆ ಗರಸು ಎನ್ನುವ ಮಣ್ಣು ಪುಣೆಯ ಅರ್ಧ ಮೈದಾನಗಳಲ್ಲಿದೆ. ಅದರ ಹರಳು ಉಜ್ಜುವ ಕಾಗದದ ಹಾಗೆ. ಒಂದು ಬೆಳಗಿನಲ್ಲಿ ಲೈನಿನ ಲೇಪವನ್ನು ತಿಂದುಹಾಕುತ್ತದೆ. ನಮ್ಮ ಮೊದಲ ಸ್ಪರ್ಧೆಯಲ್ಲಿ ಎರಡು ಲೈನುಗಳು ಹಾಗೆ ಹೋದವು. ಗರಸು ಇದ್ದರೆ ಬೀಸುವವರ ಕಾಲ ಬುಡದಲ್ಲಿ ಒಂದು ತಾಡಪಾಲು, ಗುರಿಗಳ ಉದ್ದಕ್ಕೂ ಇನ್ನೊಂದು ಹಾಸಿ. ಗೋವಾದಲ್ಲಿರುವ ಗೆಳೆಯರೊಬ್ಬರು ಪ್ರತಿ ವರ್ಷವೂ "ಸಮುದ್ರದ ದಂಡೆಯಲ್ಲಿ ನಡೆಸೋಣ, ನೋಡಲು ಚೆನ್ನ" ಎನ್ನುತ್ತಾರೆ. ನೋಡಲು ಚೆನ್ನವೇ. ಮರಳು ರೀಲಿನೊಳಗೆ ಹೊಕ್ಕಾಗ ಅವರು ಇರುವುದಿಲ್ಲ.

ಇನ್ನೊಂದು, ತಮಾಷೆಯಲ್ಲದ ಮಾತು. ರಾಡುಗಳು ಕಾರ್ಬನ್ ನಾರಿನವು. ಅವು ವಿದ್ಯುತ್ತನ್ನು ಹರಿಯಬಿಡುತ್ತವೆ. ಮೈದಾನದ ಮೇಲೆ ಅಥವಾ ಅಂಚಿನಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಆ ಮೈದಾನ ಪುಕ್ಕಟೆ ಸಿಕ್ಕರೂ ಬೇಡ. ಗುಡುಗು ಕೇಳಿಸಿದರೆ ಅಂಕ ಎಷ್ಟೇ ಆಗಿರಲಿ, ರಾಡ್ ಕೆಳಗಿಟ್ಟು ಒಳಗೆ ನಡೆಯಿರಿ.

ಕಾಲದ ವಿಷಯದಲ್ಲಿ ನೀವು ಚಳಿಗಾಲ ಎಂದದ್ದು ಸರಿ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ದಾಟಿದ ಮೇಲೆ ಪಡುವಣ ಗಾಳಿ ಎದ್ದರೆ ಸ್ಪರ್ಧೆ ಅದೃಷ್ಟದ ಆಟವಾಗುತ್ತದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಏಳೂವರೆಗೆ ಶುರು ಮಾಡಿದರೆ ಗಾಳಿ ಇನ್ನೂ ಮಲಗಿರುತ್ತದೆ, ಹುಲ್ಲಿನ ಮೇಲಿನ ಇಬ್ಬನಿಯಿಂದ ಲೈನಿಗೂ ಜಾರಲು ಹಿತ. ಹತ್ತೂವರೆಯೊಳಗೆ ಮುಗಿಯುವಂತೆ ಲೆಕ್ಕ ಹಾಕಿ. ಒಬ್ಬರಿಗೆ ನಾಲ್ಕು ನಿಮಿಷ, ಆಳು ಬದಲಾಗಲು ಒಂದು ನಿಮಿಷ. ಇಪ್ಪತ್ತನಾಲ್ಕು ಮಂದಿ, ಎರಡು ಸಾಲು: ಒಂದು ಸುತ್ತಿಗೆ ಒಂದು ಗಂಟೆ, ಎರಡು ಸುತ್ತಿಗೆ ಎರಡು. ಉಳಿದದ್ದು ದೂರದ ಬೀಸಿಗೆ ಮತ್ತು ಉಪ್ಪಿಟ್ಟಿಗೆ. ಇಪ್ಪತ್ತನಾಲ್ಕಕ್ಕಿಂತ ಹೆಚ್ಚು ಹೆಸರು ತೆಗೆದುಕೊಳ್ಳಬೇಡಿ, ಎಷ್ಟೇ ಬೇಕಾದವರು ಕೇಳಿದರೂ.

ಗುರಿಗಳಿಗೆ ಹೂಲಾ ಹೂಪ್ ಕೊಳ್ಳುವವರಿದ್ದಾರೆ. ಅಮೆರಿಕದ ಕಾಸ್ಟಿಂಗ್ ಸ್ಪರ್ಧೆಗಳಲ್ಲಿ ಗುರಿಯ ಬಳೆ 30 ಇಂಚು ಅಗಲ, ಹೂಪು ಅದಕ್ಕೆ ಹತ್ತಿರ. ಆದರೆ ಪುಣೆ ಒಂದು ಕಾಲಕ್ಕೆ ಸೈಕಲ್ಲುಗಳ ಊರು. ಹಳೆಯ ಸೈಕಲ್ ಅಂಗಡಿಯಲ್ಲಿ ಕೇಳಿ, 28 ಇಂಚಿನ ಸವೆದ ಟೈರುಗಳನ್ನು ಗೋಡೆಯ ಮೊಳೆಗೆ ನೇತುಹಾಕಿರುತ್ತಾರೆ, ಚಹಾದ ದುಡ್ಡಿಗೆ ಕೊಡುತ್ತಾರೆ. ಹೊರ ಅಗಲ ಸುಮಾರು 70 ಸೆಂಟಿಮೀಟರ್. ಹೂಪು ಗಾಳಿಗೆ ಸರಿಯುತ್ತದೆ, ಟೈರು ಕೂತಲ್ಲಿ ಕೂರುತ್ತದೆ. ಪ್ರತಿ ಸಾಲಿಗೆ ಐದು ಟೈರು: 7, 9, 11, 13, 15 ಮೀಟರಿನಲ್ಲಿ, ಒಂದೇ ಗೆರೆಯಲ್ಲಿ ಅಲ್ಲ, ಎಡಕ್ಕೊಂದು ಬಲಕ್ಕೊಂದು ಚದುರಿಸಿ. ಅಳತೆ ಬೀಸುವವರ ಕಾಲಿನ ಗೆರೆಯಿಂದ ಟೈರಿನ ನಡುವಿಗೆ.

ಅಂಕಕ್ಕೆ ಟೈರಿನ ಸುತ್ತ ಸುಣ್ಣದ ವೃತ್ತಗಳನ್ನು ಎಳೆಯಬೇಡಿ, ಸುಣ್ಣದ ಪುಡಿ ಲೈನಿಗೆ ಒಳ್ಳೆಯದಲ್ಲ. ಬದಲಿಗೆ ಒಂದೂವರೆ ಮೀಟರಿನ ಲಾಡಿ ತೆಗೆದುಕೊಂಡು 50, 100, 150 ಸೆಂಟಿಮೀಟರಿಗೆ ಗಂಟು ಹಾಕಿ ತೀರ್ಪುಗಾರರ ಕೈಗೆ ಕೊಡಿ. ಟೈರಿನೊಳಗೆ ಬಿದ್ದರೆ 5. ಟೈರಿನ ಅಂಚಿನಿಂದ ಮೊದಲ ಗಂಟಿನೊಳಗೆ 3, ಎರಡನೆಯದರೊಳಗೆ 2, ಮೂರನೆಯದರೊಳಗೆ 1, ಆಚೆ ಸೊನ್ನೆ. ಒಂದೊಂದು ಟೈರಿಗೆ ಎರಡು ಎಸೆತ. ಐದು ಟೈರಿಗೆ ಹತ್ತು ಎಸೆತ, 50 ಅಂಕ. ಎರಡು ಸುತ್ತಿಗೆ 100. ಅಮೆರಿಕದವರ ಪದ್ಧತಿ ತಿರುಗಾಮುರುಗಾ: 100ರಿಂದ ಶುರು ಮಾಡಿ, ಗುರಿಯಿಂದ ಒಂದು ಅಡಿ ಅಥವಾ ಅದರ ಭಾಗ ತಪ್ಪಿದರೂ ಒಂದು ಅಂಕ ಕಳೆಯುತ್ತಾರೆ. ಅದು ನಿಖರ ಹೌದು, ಆದರೆ ಹೊಸಬರಿಗೆ ಪ್ರತಿ ಎಸೆತಕ್ಕೂ ಏನೋ ಕಳೆದುಕೊಂಡ ಭಾವ. ಮೊದಲ ವರ್ಷ ಕೂಡಿಸುವ ಲೆಕ್ಕವೇ ಇರಲಿ.

ಒಂದು ಜಗಳವನ್ನು ಮುಂಚೆಯೇ ತಪ್ಪಿಸುತ್ತೇನೆ. ನಮ್ಮ ಎರಡನೆಯ ವರ್ಷ, ಕೊನೆಯ ಸುತ್ತು, 13 ಮೀಟರಿನ ಟೈರು. ಭೋಸರಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿರುವವರು ಬೀಸಿದರು. ಕಿತ್ತಳೆ ಉಣ್ಣೆ ಇಳಿಯಿತು, ಟೈರಿನ ರಬ್ಬರಿನ ಮೇಲೆಯೇ ಕುಳಿತಿತು. ಒಳಗೂ ಅಲ್ಲ, ಹೊರಗೂ ಅಲ್ಲ. ಐದು ಮಂದಿ ಬಗ್ಗಿ ನೋಡಿದರು. ಒಬ್ಬರು ಮೊಬೈಲಿನಲ್ಲಿ ಚಿತ್ರ ತೆಗೆದರು. ಒಬ್ಬರು "ಕ್ರಿಕೆಟ್‌ನಲ್ಲಿ ಗೆರೆ ಮುಟ್ಟಿದರೆ ಫೋರ್" ಎಂದರು, ಇನ್ನೊಬ್ಬರು "ಗೆರೆಯ ಮೇಲಿನ ಬ್ಯಾಟು ಔಟ್" ಎಂದರು. ಎರಡೂ ನಿಜ. ಅಷ್ಟರಲ್ಲಿ ಬೀಸಿದವರು ಆಚೆ ತುದಿಯಲ್ಲಿ ಕೈ ಸಡಿಲಿಸಿದರು, ಲೈನು ಒಂದಿಂಚು ಎಳೆದುಕೊಂಡಿತು, ಉಣ್ಣೆ ಟಪಕ್ಕನೆ ಹೊರಗೆ ಬಿತ್ತು. ಆ ಎರಡು ಅಂಕದ ವಿಚಾರ ಇನ್ನೂ ಮುಗಿದಿಲ್ಲ, ಸಿಕ್ಕಾಗಲೆಲ್ಲ ಏಳುತ್ತದೆ. ಆದ್ದರಿಂದ ಬರೆದಿಡಿ: ಟೈರು ಮುಟ್ಟಿದರೆ ಒಳಗೆ. ಲೆಕ್ಕಕ್ಕೆ ಬರುವುದು ಉಣ್ಣೆ ಮೊದಲು ಇಳಿದ ಜಾಗ, ಆಮೇಲೆ ಹೊರಳಿದ ಜಾಗವಲ್ಲ. ಗಾಳಿಯಲ್ಲಿ ಅಳತೆ ನೋಡಿಕೊಳ್ಳುವ ಹುಸಿಬೀಸಿನಲ್ಲಿ ಉಣ್ಣೆ ನೆಲ ಮುಟ್ಟಿದರೆ ಅದೂ ಒಂದು ಎಸೆತ. ಟೈರಿನ ಬಳಿ ಇಬ್ಬರು ನಿಂತಿರಲಿ. ಇಬ್ಬರೂ ಒಪ್ಪದಿದ್ದರೆ ಹೆಚ್ಚಿನ ಅಂಕವನ್ನೇ ಕೊಟ್ಟು ಮುಂದೆ ಸಾಗಿ. ಹವ್ಯಾಸಿ ಸ್ಪರ್ಧೆಯಲ್ಲಿ ಸಂಶಯದ ಲಾಭ ಬೀಸುವವರದು.

ಈಗ ದೂರದ ಮಾತು. ದೂರದ ಸ್ಪರ್ಧೆ ನೋಡುವವರಿಗೆ ಹಬ್ಬ, ಒಪ್ಪುತ್ತೇನೆ. ಆದರೆ ಅದನ್ನೇ ಮುಖ್ಯ ಮಾಡಿದರೆ ಎರಡು ಅನಾಹುತ. ಮೊದಲನೆಯದು, ಎತ್ತರದವರು, ತೋಳಿನ ಬಲದವರು ಮೊದಲ ವರ್ಷವೇ ಮುಂದೆ ಹೋಗುತ್ತಾರೆ, ಉಳಿದವರು ಮರುವರ್ಷ ಬರುವುದಿಲ್ಲ. ಎರಡನೆಯದು, ದೂರಕ್ಕೆಂದು ಬೀಸಿದ ಕೈ ಕೆಡುತ್ತದೆ. ಹಿಮಾಚಲದ ಹೊಳೆಯಲ್ಲಿ ನೀವು ಟ್ರೌಟ್ ಹಿಡಿದದ್ದು ಎಷ್ಟು ದೂರದಲ್ಲಿ? ಹತ್ತು ಹನ್ನೆರಡು ಮೀಟರಿಗಿಂತ ಆಚೆ ಇರಲಾರದು. ಅಲ್ಲಿ ಬೇಕಾದದ್ದು ಬಂಡೆಯ ಪಕ್ಕದ ಬೊಗಸೆಯಷ್ಟು ನೀರಿನಲ್ಲಿ ಫ್ಲೈ ಇಳಿಸುವ ಕೈ. ಹಾಗಾಗಿ ಗುರಿಯೇ ಸ್ಪರ್ಧೆ. ದೂರ ಕೊನೆಯ ಅರ್ಧ ಗಂಟೆಯ ಮೋಜು, ಅದಕ್ಕೆ ಪ್ರತ್ಯೇಕ ಚಿಕ್ಕ ಬಹುಮಾನ. ತಲಾ ಮೂರು ಎಸೆತ, ಅತ್ಯುತ್ತಮವಾದದ್ದು ಲೆಕ್ಕಕ್ಕೆ, ಉಣ್ಣೆ ಇಳಿದ ಜಾಗಕ್ಕೆ ಅಳತೆ. ಸಾಮಾನ್ಯ ಫ್ಲೈ ಲೈನು ಸುಮಾರು 27 ಮೀಟರ್, ಲೀಡರ್ ಸೇರಿಸಿದರೆ 30ರ ಹತ್ತಿರ. ಹೊಸಬರು 15 ದಾಟಿದರೆ ಚಪ್ಪಾಳೆ, 20 ದಾಟಿದರೆ ಶಿಳ್ಳೆ. ಇಡೀ ಲೈನನ್ನು ಖಾಲಿ ಮಾಡುವವರು ನಿಮ್ಮ ಸ್ಪರ್ಧೆಗೆ ಬಂದರೆ ಮುಂದಿನ ವರ್ಷ ಅವರನ್ನೇ ಗುರುವಾಗಿ ಕೂರಿಸಿಕೊಳ್ಳಿ.

ಹೆಂಗಸರಿಗೆ ಬೇರೆ ವಿಭಾಗ ಮಾಡಬೇಕೇ ಎಂದು ಯಾರಾದರೂ ಕೇಳುತ್ತಾರೆ. ಗುರಿಯ ಸ್ಪರ್ಧೆಯಲ್ಲಿ ಖಂಡಿತ ಬೇಡ. ಅಮೆರಿಕದ ಜೋನ್ ವುಲ್ಫ್ 1943ರಿಂದ 1960ರೊಳಗೆ ಹದಿನೇಳು ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. 1951ರಲ್ಲಿ ಗಂಡಸರೇ ಇದ್ದ ದೂರದ ಸ್ಪರ್ಧೆಯೊಂದರಲ್ಲಿ ಎಲ್ಲರನ್ನೂ ಹಿಂದೆ ಹಾಕಿದರು. ಹನ್ನೆರಡಕ್ಕಿಂತ ಚಿಕ್ಕ ಮಕ್ಕಳಿಗೆ ಮಾತ್ರ ಟೈರುಗಳನ್ನು ಹತ್ತಿರಕ್ಕೆ ತನ್ನಿ. ಎಡಗೈಯವರಿಗೆ ಪಕ್ಕದ ಸಾಲಿನಿಂದ ದೂರದ ಅಂಚಿನಲ್ಲಿ ನಿಲ್ಲುವ ಸ್ವಾತಂತ್ರ್ಯವಿರಲಿ, ಇಲ್ಲದಿದ್ದರೆ ಪಕ್ಕದ ಸಾಲಿನವರ ತಲೆಗೆ ಲೈನು ಸುತ್ತಿಕೊಳ್ಳುತ್ತದೆ.

ದುಡ್ಡಿನ ಲೆಕ್ಕ. 24 ಜನ, ತಲಾ 200: ಒಟ್ಟು 4,800. ಮೂವತ್ತು ಮಂದಿಯ ಉಪ್ಪಿಟ್ಟು ಚಹಾಕ್ಕೆ 1,500, ತಾಡಪಾಲು ಬಾಡಿಗೆಗೆ 400, ಟೇಪು, ಹಗ್ಗ, ಗೂಟ, ಲಾಡಿಗೆ 600, ಕಾಗದ ಮತ್ತು ಪ್ರಥಮ ಚಿಕಿತ್ಸೆಯ ಡಬ್ಬಿಗೆ 300, ಬಹುಮಾನಕ್ಕೆ 500. ಉಳಿದ 1,500 ಮುಂದೆ ಹೊಸ ಲೈನ್ ಕೊಳ್ಳುವ ಹುಂಡಿಗೆ. ಅದನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಮೈದಾನಕ್ಕೆ ಬಾಡಿಗೆ ಕೇಳಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ, ಬೇರೆ ಮೈದಾನ ಹುಡುಕಿ. ಬಹುಮಾನವಾಗಿ ನಗದು ಕೊಡಬೇಡಿ. 500 ರೂಪಾಯಿಗೂ ಮನುಷ್ಯ ಲಾಡಿಯ ಗಂಟನ್ನು ಎರಡು ಸಲ ಎಣಿಸತೊಡಗುತ್ತಾನೆ. ನಾವು ಧಾರವಾಡ ಪೇಡೆಯ ಡಬ್ಬಿ ಕೊಡುತ್ತೇವೆ. ಗೆದ್ದವರು ಅಲ್ಲಿಯೇ ತೆರೆಯಬೇಕು ಎಂಬುದು ನಿಯಮ.

ಇನ್ನು ನಿಮ್ಮ ಅಭ್ಯಾಸ. ಮೊದಲಿಗೆ, ದಿನಕ್ಕೆ ಹದಿನೈದು ನಿಮಿಷ ಸಾಕು, ಭಾನುವಾರ ಮೂರು ಗಂಟೆ ಬೀಸಿ ಭುಜ ನೋಯಿಸಿಕೊಳ್ಳುವುದು ಬೇಡ. ಮುರಿದ ರಾಡಿನ ತುದಿಯೋ, ಒಂದು ಮೀಟರಿನ ತೆಳು ಬಿದಿರ ಕಡ್ಡಿಯೋ ಸಿಕ್ಕರೆ ಅದಕ್ಕೆ ನಾಲ್ಕು ಮೀಟರ್ ದಪ್ಪ ಉಣ್ಣೆಯ ದಾರ ಕಟ್ಟಿ, ಹಜಾರದಲ್ಲಿಯೇ ಬೀಸಬಹುದು. ದಾರ ನಿಧಾನವಾಗಿ ಬಿಚ್ಚಿಕೊಳ್ಳುವುದರಿಂದ ನಿಮ್ಮ ತಪ್ಪು ನಿಮಗೇ ಕಾಣುತ್ತದೆ. ನೋಡಬೇಕಾದದ್ದು ಒಂದೇ: ಕಡ್ಡಿಯ ತುದಿ ನೇರ ಗೆರೆಯಲ್ಲಿ ಹೋಗುತ್ತಿದೆಯೇ? ಗೋಡೆಯ ಮೇಲೆ ಸುಣ್ಣ ಬಳಿಯುವವರ ಕೈಯ ಹಾಗೆ ನೇರವಾಗಿ ಹೋಗಿ ತಟ್ಟನೆ ನಿಂತರೆ ದಾರ ಕಿರಿದಾದ ಕುಣಿಕೆಯಾಗಿ ಮುಂದೆ ಉರುಳುತ್ತದೆ. ಮಣಿಕಟ್ಟು ಸಡಿಲಬಿಟ್ಟು ತುದಿ ಕಾಮನಬಿಲ್ಲಿನಂತೆ ಬಾಗಿದರೆ ಕುಣಿಕೆ ಅಗಲವಾಗಿ ಗಾಳಿಯಲ್ಲಿಯೇ ಸುಸ್ತಾಗುತ್ತದೆ. ಶುರುವಿನಲ್ಲಿಯೇ ಜೋರು ಹಾಕಿದರೆ ತುದಿ ನಡುವೆ ತಗ್ಗಿ, ದಾರ ತನ್ನನ್ನೇ ದಾಟಿ, ಲೀಡರಿನಲ್ಲಿ ಗಂಟು ಬೀಳುತ್ತದೆ. ಜನ ಅದನ್ನು ಗಾಳಿಯ ಗಂಟು ಎಂದು ಗಾಳಿಯ ತಲೆಗೆ ಕಟ್ಟುತ್ತಾರೆ.

ಮೈದಾನಕ್ಕೆ ಹೋದಾಗ ಹಿಂಬೀಸನ್ನು ತಿರುಗಿ ನೋಡಿ. ನೋಡುವುದರಲ್ಲಿ ನಾಚಿಕೆಯಿಲ್ಲ. ಲೈನು ಉದ್ದವಾದಷ್ಟೂ ಹಿಂದೆ ಕಾಯುವ ಹೊತ್ತು ಹೆಚ್ಚು. 7 ಮೀಟರಿಗೂ 15 ಮೀಟರಿಗೂ ಒಂದೇ ತಾಳ ಹಿಡಿಯುವುದೇ ಹೊಸಬರ ದೊಡ್ಡ ತಪ್ಪು. ಮತ್ತೊಂದು ವಿಚಿತ್ರ: ಹೆಚ್ಚಿನವರು ಅಂಕ ಕಳೆದುಕೊಳ್ಳುವುದು ಹತ್ತಿರದ ಟೈರಿನಲ್ಲಿ. 7 ಮೀಟರಿಗೆ ರಾಡು, ಲೀಡರು ಬಿಟ್ಟರೆ ಹೊರಗಿರುವ ಲೈನು ಎರಡು ಮೀಟರಿಗೂ ಕಡಿಮೆ. ರಾಡು ಬಾಗುವಷ್ಟು ತೂಕವೇ ಸಿಗುವುದಿಲ್ಲ. ಅಲ್ಲಿ ಬಲ ಹಾಕದೆ, ಇಡೀ ಬೀಸಿನ ಗೆರೆಯನ್ನೇ ಮುಂದಕ್ಕೆ ಓರೆ ಮಾಡಿ, ಟೈರಿನ ಕಡೆಗೆ ಬೆರಳು ತೋರಿಸುವ ಹಾಗೆ ನಿಲ್ಲಿಸಿ. ದೂರದ ಟೈರುಗಳಿಗೆ ಹುಸಿಬೀಸಿನಲ್ಲಿ ಉಣ್ಣೆಯನ್ನು ಟೈರಿನ ಮೇಲೆಯೇ, ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ತೂಗಿಸಿ ಅಳತೆ ಹಿಡಿಯಿರಿ. ಸರಿಯಾಯಿತು ಎನ್ನಿಸಿದಾಗ ಅದೇ ಬಲದಲ್ಲಿ ಇಳಿಸಿ. ಕೊನೆಯ ಬೀಸು ಎಂದು ಒಂದು ಹಿಡಿ ಜೋರು ಸೇರಿಸಿದರೆ ಟೈರು ದಾಟಿತು ಎಂದೇ ತಿಳಿಯಿರಿ. ಎದುರುಗಾಳಿ ಇದ್ದರೆ ಹಿಂದೆ ಎತ್ತರಕ್ಕೆ, ಮುಂದೆ ತಗ್ಗಿಗೆ. ಬೆನ್ನಗಾಳಿ ಇದ್ದರೆ ಅದನ್ನೇ ತಿರುಗಿಸಿ. ಬಲಗೈಯ ಕಡೆಯಿಂದ ಗಾಳಿ ಬೀಸಿದರೆ ರಾಡಿನ ತುದಿಯನ್ನು ಎಡ ಭುಜದ ಮೇಲಕ್ಕೆ ವಾಲಿಸಿ, ಇಲ್ಲದಿದ್ದರೆ ಉಣ್ಣೆ ಕಿವಿಗೆ. ಲೈನನ್ನು ಹಿಂದಕ್ಕೆ ಹಾರಿಸದೆ ನೀರಿನ ಮೇಲೆಯೇ ಮುಂದಕ್ಕೆ ಉರುಳಿಸುವ ರೋಲ್ ಕಾಸ್ಟನ್ನು ಹುಲ್ಲಿನಲ್ಲಿ ಅಭ್ಯಾಸ ಮಾಡಲು ಹೋಗಬೇಡಿ, ಸ್ಪರ್ಧೆಗೂ ಇಡಬೇಡಿ. ಅದಕ್ಕೆ ಲೈನನ್ನು ಹಿಡಿದುಕೊಳ್ಳುವ ನೀರೇ ಬೇಕು.

ಬೇರೆಯವರು ನಡೆಸುವ ಸ್ಪರ್ಧೆಗೆ ಹೋಗುವುದಾದರೆ ಹೆಸರು ಕೊಡುವ ಮೊದಲು ಕೇಳಿ: ಲೈನು ಯಾರದು, ಲೀಡರು ಕನಿಷ್ಠ ಎಷ್ಟು ಉದ್ದ, ಲೈನಿನ ಮೇಲೆ ಅಳತೆಯ ಗುರುತು ಹಾಕಬಹುದೇ, ಅಭ್ಯಾಸದ ಎಸೆತ ಎಷ್ಟು. ಈ ನಾಲ್ಕಕ್ಕೆ ತಡವರಿಸದೆ ಉತ್ತರ ಬಂದರೆ ಹಣ ಕಟ್ಟಿ.

ನೀರಿನ ಮೇಲೆಯೇ ನಡೆಸಬೇಕೆಂಬ ಆಸೆ ಮುಂದೆ ಹುಟ್ಟಿದರೆ ಅದು ಬೇರೆಯೇ ಕಥೆ. ಮಹಾರಾಷ್ಟ್ರದ ಜಲಾಶಯಗಳಲ್ಲಿ ಮೀನಿನ ಹಕ್ಕು ಹೆಚ್ಚಾಗಿ ಮೀನುಗಾರರ ಸಹಕಾರ ಸಂಘಗಳಿಗೆ ಗುತ್ತಿಗೆಯಾಗಿರುತ್ತದೆ. ಕೊಕ್ಕೆ ಇಲ್ಲದಿದ್ದರೂ ಅವರನ್ನು ಕೇಳದೆ ದಂಡೆಯಲ್ಲಿ ಸಾಲು ನಿಲ್ಲುವುದು ಸರಿಯಲ್ಲ. ಖಡಕವಾಸಲಾದ ಒಂದು ದಂಡೆ ಸೈನ್ಯದ ಅಕಾಡೆಮಿಯದು, ಅತ್ತ ಹೋಗುವ ಮಾತೇ ಇಲ್ಲ. ಮುಂಬಯಿಯ ಪೊವಾಯಿ ಕೆರೆಯಲ್ಲಿ ಗಾಳದ ಹವ್ಯಾಸಿಗಳ ಹಳೆಯ ಸಂಘವಿದೆ, ಮೊಸಳೆಗಳೂ ಇವೆ. ಮೊದಲ ಎರಡು ವರ್ಷ ಹುಲ್ಲೇ ಲೇಸು.

ಕೊನೆಯದಾಗಿ, ನೀವೂ ಬೀಸುತ್ತೀರಿ ಎಂದಿರಿ. ಬೀಸಿ. ಆದರೆ ಆ ದಿನ ಅಂಕದ ಹಾಳೆ, ಲಾಡಿ, ಗಡಿಯಾರ ಮೂರನ್ನೂ ಬೀಸದವರ ಕೈಗೆ ಕೊಡಿ. ನಿಮ್ಮ ಸರದಿ ಚೀಟಿ ಎತ್ತಿ ಬರಲಿ, ಸಂಘಟಕರೆಂದು ಗಾಳಿಯಿಲ್ಲದ ಮೊದಲ ಸ್ಥಾನ ಇಟ್ಟುಕೊಳ್ಳಬೇಡಿ. ಶೂಗಳ ಲೇಸಿಗೆ ಲೈನು ಸಿಕ್ಕಿಕೊಳ್ಳುತ್ತದೆ, ಲೇಸಿಲ್ಲದ ಚಪ್ಪಲಿ ಹಾಕಿಕೊಂಡು ಬನ್ನಿ. ಎಲ್ಲ ಮುಗಿದ ಮೇಲೆ ಒಂದು ಬಕೆಟ್ ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೌಮ್ಯವಾದ ಸೋಪು ಕಲಸಿ ಎರಡೂ ಲೈನುಗಳನ್ನು ತೊಳೆದು, ಹಳೆಯ ಪಂಚೆಯ ತುಂಡಿನಲ್ಲಿ ಒರೆಸಿ ಒಣಗಿಸಿ. ಇದಕ್ಕೆ ಇಬ್ಬರ ಹೆಸರನ್ನು ಮೊದಲೇ ಬರೆದಿಡಿ; ಉಪ್ಪಿಟ್ಟು ಬಂದ ಮೇಲೆ ಯಾರೂ ಸಿಗುವುದಿಲ್ಲ.